ಮೇಲಿನ ಬೀಗರು ಚಾ ಕುಡಿಯಲು ಇಳಿದಾಗ

ನನ್ನನ್ನು ಒಲ್ಲೆ ಅಂದ ಮನೆಯವರೆಲ್ಲ ಕೊಟ್ಟ ಕಾರಣ ಒಂದೇ ಆಗಿತ್ತು. ಹುಡುಗ ಒಳ್ಳೆಯವನು, ನೌಕರಿ ಇದೆ, ಚಟ ಇಲ್ಲ, ಆದರೆ ಬಹಳ ಮಾತಾಡುತ್ತಾನೆ. ಬರೀ ಮಾತಾಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಮ್ಮ ವಿಜಯಪುರದ ಕಡೆ ಮಾತಾಡದವರನ್ನು ಕಂಡರೇ ಮಂದಿಗೆ ಸಂಶಯ ಹೆಚ್ಚು. ತೊಂದರೆ ಇದ್ದದ್ದು ನಾನು ಆಡುತ್ತಿದ್ದ ಮಾತಿನಲ್ಲಿ. ಕನ್ಯಾ ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಕೈಗೆ ಬಂದ ಕೂಡಲೇ, "ಈ ಉಪ್ಪಿಟ್ಟು ಹೊಟ್ಟಿಗಿ ಹೋದ ಮ್ಯಾಲ ಏನಾಗತೈತಿ ಗೊತ್ತೇನ್ರಿ?" ಎಂದು ಶುರು ಮಾಡುತ್ತಿದ್ದೆ. ಅವರೆಲ್ಲ ತಮಗೆ ಗೊತ್ತಿದೆ ಅಂದುಕೊಂಡು ಮುಖ ಸಿಂಡರಿಸುತ್ತಿದ್ದರು. ನಾನು ಹೇಳಹೊರಟದ್ದು ಅದಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಹುಡುಗಿ ಎದ್ದು ಒಳಗೆ ಹೋಗಿರುತ್ತಿದ್ದಳು.

ನಾನು ಬಬಲೇಶ್ವರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮನೆ ವಿಜಯಪುರದಲ್ಲಿ. ಬೆಳಗಿನ ಬಸ್ಸಿನಲ್ಲಿ ಸಾರವಾಡದ ತನಕ ನಿಂತು, ಅಲ್ಲಿಂದ ಸೀಟು ಸಿಕ್ಕರೆ ಕೂತು ಹೋಗುವುದು ನನ್ನ ನಿತ್ಯದ ಬಾಳು. ಪಠ್ಯಪುಸ್ತಕದಲ್ಲಿ ಬಹಳಷ್ಟು ಪಾಠಗಳಿವೆ, ಎಲ್ಲವನ್ನೂ ಸಂಬಳಕ್ಕಾಗಿ ಕಲಿಸುತ್ತೇನೆ. ಒಂದನ್ನು ಮಾತ್ರ ಸಂಬಳ ಕೊಡದಿದ್ದರೂ ಕಲಿಸುತ್ತೇನೆ. ಅದು ಜೀವಕೋಶದ ಉಸಿರಾಟದ ಪಾಠ, ಅದರಲ್ಲೂ ಎಲೆಕ್ಟ್ರಾನ್ ಸಾಗಣೆ ಸರಪಳಿಯ ಭಾಗ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯ ಎಂಬ ಸಣ್ಣ ಸಣ್ಣ ಚೀಲಗಳಿವೆ. ಆ ಚೀಲದ ಒಳಪೊರೆಯ ಮೇಲೆ ಪ್ರೋಟೀನುಗಳ ಸಾಲು ನಿಂತಿದೆ. ನಾವು ತಿಂದ ಅನ್ನದಿಂದ ಬಂದ ಎಲೆಕ್ಟ್ರಾನುಗಳನ್ನು ಅವು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಓದುತ್ತಿರುವ ನಿಮ್ಮೊಳಗೆ ಈಗಲೂ ದಾಟಿಸುತ್ತಿವೆ. ಇದನ್ನು ತಿಳಿದೂ ಒಬ್ಬ ಮನುಷ್ಯ ಸುಮ್ಮನೆ ಉಪ್ಪಿಟ್ಟು ಹೇಗೆ ತಿನ್ನುತ್ತಾನೆ ಎನ್ನುವುದೇ ನನಗೆ ಅರ್ಥವಾಗುತ್ತಿರಲಿಲ್ಲ.

ಅವ್ವನಿಗೆ ಮೈಟೋಕಾಂಡ್ರಿಯ ಎಂದರೆ ಮಗನನ್ನು ಮರುಳು ಮಾಡಿದ ಯಾವಳೋ ಹೆಂಗಸು. "ಆ ಮೈಟೋ ಯಾವಾಕಿ ಅದಾಳೋ, ಮನಿಗಿ ಸೊಸಿ ಬರಲಾರ್ದಂಗ ಬಾಗಲಾಗ ಅಡ್ಡ ಕುಂತಾಳ," ಎಂದು ನೆರೆಯವರ ಮುಂದೆ ಅಳುತ್ತಿದ್ದಳು. ನೆರೆಯವರಲ್ಲಿ ಕೆಲವರು ನಿಜವಾಗಿಯೂ ಅದೊಂದು ಹುಡುಗಿಯ ಹೆಸರು ಅಂದುಕೊಂಡು, ಯಾವ ಊರಿನವಳು ಎಂದು ವಿಚಾರಿಸಿದ್ದೂ ಉಂಟು.

ಹೊನವಾಡದ ಸಂಬಂಧ ಬಂದಾಗ ನಾವು ಮೂವರು ಹೊರಟೆವು: ಅವ್ವ, ನಾನು, ಸಾರವಾಡದಿಂದ ಬಂದ ನನ್ನ ಸೋದರಮಾವ. ಮಾವನದು ಟ್ರ್ಯಾಕ್ಟರು ಓಡಿಸಿ ಗಟ್ಟಿಯಾದ ಮೈ. ಬಾಯಿ ಮಾತ್ರ ಮೆತ್ತಗೆ, ಯಾರು ಚಾ ಅಂದರೂ ಒಲ್ಲೆ ಅನ್ನಲು ಬಾರದ ಬಾಯಿ. ಬಸ್ಸು ವಿಜಯಪುರ ಬಿಡುತ್ತಲೇ ಅವನು ಕಡ್ಡಿ ಮುರಿದಂತೆ ಹೇಳಿದ.

"ಲೇ ಅಳಿಯಾ, ಇದೂ ತಪ್ಪಿದ್ರ ನಾ ಇನ್ನ ಯಾರ ಮನಿ ಹೊಸ್ತಿಲಾನೂ ತುಳಿಯೂದಿಲ್ಲ. ಮಂದಿ ನನ್ನ ನೋಡಿ 'ಉಪ್ಪಿಟ್ಟಿನ ಮಾವ ಬಂದಾನ' ಅನ್ನಾಕತ್ತಾರ."

ಟಿಕೋಟಾ ಬರುವ ಹೊತ್ತಿಗೆ ಅವ್ವ ನನ್ನ ಬಲಗೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಬಸ್ಸಿನಲ್ಲಿ ಅಕ್ಕಪಕ್ಕದವರು ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದರು.

"ಆಣಿ ಮಾಡು. ಬೀಗರ ಮನ್ಯಾಗ ಆಕಿ ಹೆಸರ ಎತ್ತೂದಿಲ್ಲ ಅನ್ನು."

"ಯಾರ ಹೆಸರು?"

"ಆ ಮೈಟೋದು."

ಆಣೆ ಮಾಡಿದೆ. ಅಷ್ಟಕ್ಕೂ ಅವಳಿಗೆ ಸಮಾಧಾನವಾಗಲಿಲ್ಲ.

"ಉಪ್ಪಿಟ್ಟ ಬಂದ್ರ ಏನಂತಿ?"

"ಚಲೋ ಆಗೈತ್ರಿ ಅಂತೀನಿ."

"ಮುಂದ?"

"ಮುಂದ ಏನಿಲ್ಲ."

"ಹೊಟ್ಟಿಗಿ ಹೋದ ಮ್ಯಾಲ?"

ಪಾಠ ನಾಲಿಗೆಯ ತುದಿಗೆ ಬಂದಿತ್ತು. ಆದರೂ ತಡೆದುಕೊಂಡೆ. "ಹೊಟ್ಟಿಗಿ ಹೋದ ಮ್ಯಾಲ ಹೊಟ್ಟ್ಯಾಗ ಇರತೈತಿ," ಎಂದೆ.

"ಹಾಂ. ಅಲ್ಲೇ ಇರ್ಲಿ," ಅಂದಳು ಅವ್ವ.

ಮನೆ ಊರ ಹೊರಗೆ ದ್ರಾಕ್ಷಿ ತೋಟದಲ್ಲಿತ್ತು. ಅಂಗಳದ ಒಂದು ಬದಿಗೆ ಬೇವಿನ ಮರ, ಅದರಾಚೆ ದ್ರಾಕ್ಷಿ ಒಣಗಿಸಿ ಮನುಕ ಮಾಡುವ ಉದ್ದನೆಯ ಶೆಡ್ಡು. ಶೆಡ್ಡಿನಲ್ಲಿ ಒಂದರ ಮೇಲೊಂದು ಬಲೆ ಬಿಗಿದು ಮಾಳಿಗೆಯ ತನಕ ಅಂತಸ್ತು ಮಾಡಿದ್ದರು. ಕೆಳಗಿನ ಬಲೆಗಳಲ್ಲಿ ಆಗಲೇ ದ್ರಾಕ್ಷಿ ಹರವಿದ್ದು, ಮೇಲಿನವು ಖಾಲಿ ಇದ್ದವು. ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಬೆಲ್ಲ ಬಂತು. ಹುಡುಗಿಯ ಅಪ್ಪ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ, ಮಾವನ ಕೈ ಹಿಡಿದು ಒಂದೇ ಸವನೆ ಮಾತಾಡಿಸಿದರು. ಎದುರಿಗೆ ಗೋಡೆಗೆ ಒರಗಿ ಹುಡುಗಿಯ ಅಜ್ಜಿ ಕೂತಿದ್ದಳು. ಆ ಮನೆಯಲ್ಲಿ ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು, ಈಗ ನಾನೂ ಅನ್ನುತ್ತೇನೆ.

ಹುಡುಗಿ ತಟ್ಟೆ ಹಿಡಿದು ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು, ಆದರೆ ಬೆರಳುಗಳ ತುದಿ ದ್ರಾಕ್ಷಿ ರಸದಿಂದ ಕಂದಿದ್ದವು, ಕಿವಿಯ ಹಿಂದೆ ಕೂದಲಲ್ಲಿ ಒಂದು ಒಣ ದ್ರಾಕ್ಷಿಯ ತೊಟ್ಟು ಸಿಕ್ಕಿಕೊಂಡಿತ್ತು. ಬೆಳಗಿನಿಂದ ಶೆಡ್ಡಿನಲ್ಲಿದ್ದವಳನ್ನು ಎಳೆದು ತಂದು ಸೀರೆ ಉಡಿಸಿದ್ದು ಗೊತ್ತಾಗುತ್ತಿತ್ತು. "ಬಿಕಾಂ ಮಾಡ್ಯಾಳ್ರಿ. ಮನುಕದ ವ್ಯವಹಾರೆಲ್ಲಾ ಆಕೀದ. ವ್ಯಾಪಾರಸ್ಥರು ಬಂದ್ರ ನನ್ನ ಕೂಡ ಮಾತಾಡೂದ ಇಲ್ಲ," ಅಂದರು ಅಪ್ಪ. ಅವಳು ತಟ್ಟೆ ಕೊಡುವಾಗ ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆ ಆಕಾಶ ನೋಡಿದಳು. ನನಗೆ ಆ ಕ್ಷಣವೇ ಇವಳನ್ನೇ ಮದುವೆಯಾಗಬೇಕು ಅನ್ನಿಸಿತು. ಹಿಂದಿನ ಮನೆಗಳಲ್ಲಿ ಒಲ್ಲೆ ಅಂದಾಗ ಅವಮಾನವಾಗಿತ್ತು, ಅಷ್ಟೇ. ಇಲ್ಲಿ ಒಲ್ಲೆ ಅಂದರೆ ದುಃಖವಾಗುತ್ತದೆ ಎಂದು ತಿಳಿದು ಹೆದರಿಕೆಯಾಯಿತು.

"ಉಪ್ಪಿಟ್ಟು ಚಲೋ ಆಗೈತ್ರಿ," ಎಂದು ಹೇಳಿ ಬಾಯಿ ಮುಚ್ಚಿದೆ. ಅವ್ವನ ಮುಖದಲ್ಲಿ ಬೆಳಕು ಹೊತ್ತಿತು.

ಅಷ್ಟರಲ್ಲಿ ಆಯಿ ಕೇಳಿದಳು. "ಯಪ್ಪಾ, ನೀ ಏನ್ ಕಲಸ್ತಿ?"

"ಜೀವಶಾಸ್ತ್ರ ರೀ."

"ಅಂದ್ರ ಮೈಯಾಗಿಂದೆಲ್ಲಾ ಗೊತ್ತೈತಿ. ಹಂಗಾರ ಒಂದು ಹೇಳು. ನನಗ ದಮ್ಮು ಐತಿ. ಹೊಟ್ಟಿ ತುಂಬ ಉಂಡಿರತೀನಿ, ಎರಡು ರೊಟ್ಟಿ, ಪಲ್ಯ, ಮೊಸರು. ಆದ್ರ ದಮ್ಮು ಹತ್ತಿತಂದ್ರ ಕೈಕಾಲಾಗ ಕಸುವ ಇರೂದಿಲ್ಲ. ಉಂಡಿದ್ದು ಹೊಟ್ಟ್ಯಾಗ ಐತಿ, ಉಸಿರು ಎದಿಯಾಗ ಐತಿ. ಅದಕ್ಕೂ ಇದಕ್ಕೂ ಏನ್ ಸಂಬಂಧ? ಡಾಕ್ಟರಗ ಕೇಳಿದ್ರ ಗುಳಿಗಿ ನುಂಗು ಅಂತಾನ, ಹೇಳೂದಿಲ್ಲ."

ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಬ್ಬ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿಲ್ಲ. ಇಡೀ ಪಾಠದ ಜೀವ ಈ ಪ್ರಶ್ನೆಯಲ್ಲಿದೆ. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಅವ್ವ ಕೆಳಗಿನಿಂದ ನನ್ನ ತೊಡೆ ಚಿವುಟಿದಳು. ಕೈ ಇಳಿಸಿದೆ.

"ಅದು ದೊಡ್ಡ ಕತಿ ಐತ್ರಿ ಆಯಿ," ಎಂದೆ.

ಆಯಿಯ ಮುಖ ಸಣ್ಣದಾಯಿತು. "ಹಂಗಂದ್ರ? ನಾ ಸಾಲಿ ಕಲಿತಿಲ್ಲ, ನನಗ ತಿಳಿಯೂದಿಲ್ಲಂತ ಹೇಳವಲ್ಲಿ."

ಈಗ ಅವ್ವನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡಿದರೆ ಹುಡುಗಿ ಹೋಗುತ್ತಾಳೆ, ಸುಮ್ಮನಿದ್ದರೆ ಅಜ್ಜಿ ಸಿಟ್ಟಾಗುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಸ್ಥಿತಿ ಬಂತು. ಕೊನೆಗೆ ಅವ್ವ ನಿಟ್ಟುಸಿರು ಬಿಟ್ಟು, "ಹೇಳು. ಆದ್ರ ಆಕಿ ಹೆಸರ ಎತ್ತಬ್ಯಾಡ," ಅಂದಳು. ಹುಡುಗಿಯ ಅಪ್ಪ ಯಾರ ಹೆಸರು ಎಂದು ಗಾಬರಿಯಿಂದ ನನ್ನನ್ನು ನೋಡಿದರು.

ಆಣೆ ಇದ್ದದ್ದು ಹೆಸರಿನ ಮೇಲೆ ಮಾತ್ರ. ನಾನು ಮೈಟೋಕಾಂಡ್ರಿಯವನ್ನು ಗಿರಣಿ ಎಂದು ಕರೆದು ಶುರು ಮಾಡಿದೆ.

"ಆಯಿ, ಮೈಯಾಗ ತುಂಬ ಸಣ್ಣ ಸಣ್ಣ ಗಿರಣಿ ಅದಾವ. ನೀವು ಉಂಡ ರೊಟ್ಟಿ ಹೊಟ್ಟ್ಯಾಗ ಸಕ್ಕರಿ ಆಗತೈತಿ. ಆ ಸಕ್ಕರಿ ಒಡದಾಗ ಅದರಾಗಿಂದ ಬಾಳ ಸಣ್ಣ ಕಣ ಬರತಾವ, ಎಲೆಕ್ಟ್ರಾನ್ ಅಂತಾರ. ಗಿರಣಿ ಒಳಗಿನ ಗ್ವಾಡಿ ಮ್ಯಾಲ ಆಳು ಸಾಲ ಹಚ್ಚಿ ನಿಂತಾರ. ಮೊದಲನೇದಾಂವ ಎರಡನೇದಾಂವಗ ಕೊಡತಾನ, ಆಂವ ಮುಂದಿನಾಂವಗ."

"ಯಾಕ ಕೊಡತಾನ?"

"ಕೊಡೂದಲ್ರಿ, ಮುಂದಿನಾಂವ ಕಸಗೊಂತಾನ. ಹಿಂದಿನಾಂವಗಿಂತ ಮುಂದಿನಾಂವಗ ಆಸೆ ಜಾಸ್ತಿ."

"ಅಣ್ಣತಮ್ಮರಂಗ," ಅಂದಳು ಆಯಿ. ಹುಡುಗಿಯ ಅಪ್ಪ ಕೆಮ್ಮಿದರು.

"ಹಂಗ ಕಸಗೊಂಡಾಗ ಬರೂ ಜೋರಿನ್ಯಾಗ ಗ್ವಾಡಿ ಆಚಿ ಕಡಿ ಪ್ರೋಟಾನ್ ತುಂಬತಾರ, ಮಾಳಗಿ ಮ್ಯಾಲಿನ ಟಾಕಿಗಿ ನೀರ ಏರಿಸಿದಂಗ. ಅವು ತಿರುಗಿ ಈ ಕಡಿ ಇಳಿಯುವಾಗ ಒಂದು ಚಕ್ರ ತಿರಗತೈತಿ. ಆಲಮಟ್ಟಿ ಡ್ಯಾಮಿನ್ಯಾಗ ಕರೆಂಟ್ ತಗ್ಯಾಕ ತಿರಗತೈತಲ್ಲ, ಹಂಗ. ಆ ಚಕ್ರದಾಗ ಕಸುವು ತಯಾರ ಆಗತೈತಿ. ನೀವು ಕೈ ಎತ್ತಿದ್ರೂ ಅದ, ಕಣ್ಣ ಮಿಟಕಿಸಿದ್ರೂ ಅದ."

"ಇರ್ಲಿ. ಇದರಾಗ ಉಸಿರು ಎಲ್ಲಿ ಬಂತು?"

"ಸಾಲಿನಾಗ ಕಟ್ಟಕಡೀಗಿ ನಿಂತಾಂವ ಅದಾನಲ್ರಿ, ಆಂವ ಉಸಿರಿನ್ಯಾಗ ಬಂದಾಂವ. ಆಕ್ಸಿಜನ್."

"ಆಂವ ಏನ್ ಮಾಡತಾನ?"

"ತೊಗೊಂತಾನ."

"ತೊಗೊಂಡು ಯಾರಿಗಿ ಕೊಡತಾನ?"

"ಯಾರಿಗೂ ಇಲ್ಲ. ತೊಗೊಳ್ಳೂದಷ್ಟ ಆಂವನ ಕೆಲಸ."

ಆಯಿ ಕೈ ತಿರುವಿದಳು. "ಬರೇ ತೊಗೊಳ್ಳಾಂವಗ ಏನ್ ಕಿಮ್ಮತ್ತಪಾ? ಅಂಥಾವ್ರು ನಮ್ಮೂರಾಗೂ ಅದಾರ. ಆಂವ ಇಲ್ಲಂದ್ರ ನನ್ನ ಕಸುವು ಯಾಕ ಹೋಗಬೇಕು? ನನಗೇನೂ ತಿಳೀಲಿಲ್ಲ."

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು, ಆದರೆ ಆಕಾಶ ನೋಡುತ್ತಲೇ ನಕ್ಕಳು. ಉಪ್ಪಿಟ್ಟು ಆರಿ ಕಲ್ಲಾಗಿತ್ತು. ಮಾವ ನನ್ನ ಕಡೆ ನೋಡಿದ ನೋಟದಲ್ಲಿ, ಮನೆಗೆ ಹೋಗುವ ಬಸ್ಸು ಎಷ್ಟಕ್ಕೆ ಎಂಬ ಪ್ರಶ್ನೆ ಇತ್ತು.

ಆಗ ಹುಡುಗಿ ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟು ಎದ್ದಳು. "ಅಪ್ಪಾ, ಘೋಣಸಗಿ ಕಡೆ ಮ್ವಾಡ ಕರ್ರಗ ಆಗೈತಿ. ಟ್ರ್ಯಾಲಿಯಾಗಿನ ಹಣ್ಣ ಹಂಗ ಅದಾವ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಓಡಿದಳು.

ಬೇಸಿಗೆಯ ಅಕಾಲದ ಮೋಡ ಅದು. ಕಡಿದ ದ್ರಾಕ್ಷಿ ಟ್ರ್ಯಾಲಿ ತುಂಬ ಬಯಲಲ್ಲಿ ನಿಂತಿತ್ತು. ಮೋಡ ಕಂಡ ಕೂಡಲೇ ಆಳುಗಳು ತಮ್ಮ ತಮ್ಮ ಮನೆಯಂಗಳದ ಕಾಳುಕಡಿ ಒಳಗೆ ಹಾಕಲು ಓಡಿದ್ದರು. ಕೆಲಸದ ರೀತಿ ಇಷ್ಟು: ದ್ರಾಕ್ಷಿಯನ್ನು ಕ್ರೇಟಿನ ಸಮೇತ ತೊಟ್ಟಿಯಲ್ಲಿರುವ ಬಿಳಿ ನೀರಿನಲ್ಲಿ ಅದ್ದಬೇಕು. ಎಣ್ಣೆ, ಪುಡಿ ಕಲಸಿದ ಆ ನೀರಿನಿಂದ ಹಣ್ಣು ಬೇಗ ಒಣಗುತ್ತದೆ. ಅದ್ದಿದ ಕೂಡಲೇ ಎತ್ತಿ, ಮೇಲಿನ ಅಂತಸ್ತಿಗೆ ಏರಿಸಿ, ಬಲೆಯ ಮೇಲೆ ಹರವಬೇಕು. ನೀರಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹಣ್ಣು ಕೆಡುತ್ತದೆ, ಅದ್ದದೆ ಮಳೆಗೆ ಬಿಟ್ಟರೂ ಕೆಡುತ್ತದೆ. ಕ್ರೇಟು ಖಾಲಿಯಾಗಿ ಕೆಳಗೆ ಬಂದರಷ್ಟೇ ಮುಂದಿನ ಹಣ್ಣು ತೊಟ್ಟಿಗೆ ಇಳಿಯುತ್ತದೆ.

ಕನ್ಯಾ ನೋಡಲು ಬಂದವರು ಎಂದು ಯಾರೂ ಕೂತಿರಲು ಆಗಲಿಲ್ಲ. ಮಾವ ಅಂಗಿಯ ತೋಳು ಮಡಚಿ ಏಣಿ ಹತ್ತಿ ಮೇಲಿನ ಹಲಗೆಯ ಮೇಲೆ ಹೋಗಿ ನಿಂತ. ಏಣಿಯ ನಡುವೆ ನಾನು, ನನ್ನ ಕೆಳಗೆ ಏಣಿಯ ಬುಡದಲ್ಲಿ ಹುಡುಗಿ, ಅವಳ ಹಿಂದೆ ನನ್ನ ಅವ್ವ. ಇಳಕಲ್ ಸೀರೆಯ ಅವ್ವ ಕ್ರೇಟು ಹಿಡಿದ ರೀತಿ ನೋಡಿದರೆ ಸಾರವಾಡದ ಹೊಲದಲ್ಲಿ ಬೆಳೆದವಳು ಎಂದು ಯಾರಾದರೂ ಹೇಳಬಹುದಿತ್ತು. ತೊಟ್ಟಿಯ ಬಳಿ ಹುಡುಗಿಯ ಅಪ್ಪ ಅದ್ದುತ್ತಿದ್ದರು. ಆಯಿಯನ್ನು ಕುರ್ಚಿ ಸಮೇತ ಬೇವಿನ ಮರದ ಕೆಳಗೆ ಕೂರಿಸಿದರು. ಅಪ್ಪ ಅವ್ವನಿಗೆ, ಅವ್ವ ಹುಡುಗಿಗೆ, ಹುಡುಗಿ ನನಗೆ, ನಾನು ಮಾವನಿಗೆ. ಮಾವ ಹಣ್ಣು ಹರವಿ ಖಾಲಿ ಕ್ರೇಟನ್ನು ಆಚೆ ಬದಿಯಿಂದ ಕೆಳಗೆ ಒಗೆಯುತ್ತಿದ್ದ. ಬಿಳಿ ನೀರು ನಮ್ಮ ತಲೆ, ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು. ಇಸ್ತ್ರಿ ಮಾಡಿದ ನನ್ನ ಅಂಗಿ ದೋಸೆ ಹಿಟ್ಟಿನಲ್ಲಿ ಬಿದ್ದೆದ್ದಂತೆ ಕಾಣುತ್ತಿತ್ತು. ಕೆಲಸ ಮಾತ್ರ ಬಹಳ ಚೆಂದ ಸಾಗಿತ್ತು.

ಇಂಥ ಹೊತ್ತಿನಲ್ಲಿ ಹುಡುಗಿಯ ಅಪ್ಪನಿಗೆ ನೆನಪಾಯಿತು, ಮಾವ ಇನ್ನೂ ಚಾ ಕುಡಿದಿಲ್ಲ.

ನಮ್ಮ ಕಡೆ ಮನೆಗೆ ಬೆಂಕಿ ಬಿದ್ದರೂ ಬಂದವರಿಗೆ ಚಾ ಕೊಟ್ಟೇ ಆರಿಸುತ್ತಾರೆ. ಅದರಲ್ಲೂ ಬೀಗರಾಗುವವರು ತಮ್ಮ ಶೆಡ್ಡಿನ ತುದಿಯಲ್ಲಿ ನಿಂತು ಬೆವರು ಸುರಿಸುತ್ತಿದ್ದಾರೆ, ಒಳಗೆ ಚಾ ಆರುತ್ತಿದೆ. ಆ ಮನುಷ್ಯನ ಮನಸ್ಸು ತಡೆಯಲಿಲ್ಲ.

"ಬೀಗರ, ಇಳೀರಿ! ಮದ್ಲ ಚಾ ಕುಡೀರಿ! ನಾಕ ಮಂದಿ ನೋಡಿದ್ರ ಏನಂದಾರು?"

"ಆಮ್ಯಾಲ ಕುಡದ್ರಾತ್ರಿ," ಅಂದ ಮಾವ.

"ಇಲ್ಲಿಲ್ಲ, ನಮ್ಮಾಣಿ ಐತಿ!"

ಆಣೆ ಹಾಕಿದ ಮೇಲೆ ಮಾವ ಏನು ಮಾಡಿಯಾನು? ಹಲಗೆಯ ಆಚೆ ಬದಿಯ ಕಂಬ ಹಿಡಿದು ಸರ್ರನೆ ಇಳಿದು ಹೋದ. ಬೀಗರು ಒಬ್ಬರೇ ಚಾ ಕುಡಿಯಬಾರದು ಎಂದು ಹುಡುಗಿಯ ಅಪ್ಪನೂ ಕೈಯಲ್ಲಿದ್ದ ಕ್ರೇಟನ್ನು ಅವ್ವನ ಕೈಗೆ ಕೊಟ್ಟು, ಇನ್ನೊಂದನ್ನು ತೊಟ್ಟಿಯಲ್ಲೇ ಬಿಟ್ಟು ಅವನ ಜೊತೆ ಕೂತರು. ಇಬ್ಬರೂ ಬಶಿಯಲ್ಲಿ ಚಾ ಸುರುವಿಕೊಂಡು ಆರಿಸತೊಡಗಿದರು.

ಏಣಿಯ ನಡುವೆ ನಾನು ಹಣ್ಣು ತುಂಬಿದ ಕ್ರೇಟು ಎತ್ತಿ ಹಿಡಿದು ನಿಂತಿದ್ದೆ. ಮೇಲೆ ತೆಗೆದುಕೊಳ್ಳುವ ಕೈ ಇಲ್ಲ. ನನ್ನ ಕೈ ಖಾಲಿ ಇಲ್ಲದ್ದರಿಂದ ಹುಡುಗಿಯ ಕೈಯಲ್ಲಿದ್ದದ್ದು ಅಲ್ಲೇ ಉಳಿಯಿತು. ಅವಳ ಕೈ ಖಾಲಿ ಇಲ್ಲದ್ದರಿಂದ ಅವ್ವ ತನ್ನದನ್ನು ಹಿಡಿದು ನಿಂತಳು. ಖಾಲಿ ಕ್ರೇಟು ಬರುವುದು ನಿಂತಿತು, ತೊಟ್ಟಿಯಲ್ಲಿ ಹಣ್ಣು ನೆನೆಯತೊಡಗಿತು, ಟ್ರ್ಯಾಲಿಯಲ್ಲಿ ಹಣ್ಣಿನ ರಾಶಿ ಹಾಗೇ ಇತ್ತು, ಮೋಡ ತಲೆಯ ಮೇಲೆ ಬಂದಿತ್ತು. ಎಲ್ಲರೂ ಕಸುವಿದ್ದವರೇ, ಹಣ್ಣಿಗೆ ಬರವಿಲ್ಲ, ಆದರೂ ಕೆಲಸ ನಿಂತಿತ್ತು.

ಯಾವ ಬುದ್ಧಿವಂತನಾದರೂ ಕ್ರೇಟನ್ನು ಹಲಗೆಯ ತುದಿಗೆ ಇಟ್ಟು ತಾನೇ ಮೇಲೆ ಹತ್ತುತ್ತಿದ್ದ. ನನ್ನ ಮೈಯಲ್ಲಿ ರೋಮಾಂಚನವಾಗಿತ್ತು. ಏಣಿಯ ಮೇಲಿಂದಲೇ ಬೇವಿನ ಮರದ ಕಡೆ ತಿರುಗಿ ಕೂಗಿದೆ.

"ಆಯಿ! ಇದ ನೋಡ್ರಿ! ಇದ ಆಕ್ಸಿಜನ್ ಇಲ್ಲದ್ದು! ಹೊಟ್ಟ್ಯಾಗ ರೊಟ್ಟಿ ಐತಿ, ಸಾಲಿನಾಗ ಆಳ ಅದಾರ, ಕಡೀಗಿ ತೊಗೊಳ್ಳಾಂವ ಇಲ್ಲ! ಆಂವ ತೊಗೊಳ್ಳಲಿಲ್ಲಂದ್ರ ಹಿಂದಿನಾಂವನ ಕೈ ಖಾಲಿ ಆಗೂದಿಲ್ಲ, ಆಂವನ ಹಿಂದಿನಾಂವಂದೂ..."

"ಸರ್ರ," ಎಂದು ಕೆಳಗಿನಿಂದ ದನಿ ಬಂತು.

ಹುಡುಗಿ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಅದೇ ಮೊದಲ ಸಲ ಅವಳು ನನ್ನ ಮುಖ ನೋಡಿದ್ದು. ಅವಳ ಹಣೆಯಿಂದ ಬಿಳಿ ನೀರು ಇಳಿದು ಕುಂಕುಮ ಕದಡಿತ್ತು, ಭಾರದ ಕ್ರೇಟನ್ನು ಏಣಿಗೆ ಆನಿಸಿ ಹಿಡಿದಿದ್ದಳು.

"ಸರ್ರ, ಪಾಠ ಆಮ್ಯಾಲ. ತೊಗೊಳ್ಳಾಂವ ಇಲ್ಲಂದ್ರ ನೀವ ಮ್ಯಾಲ ಹೋಗಿ ತೊಗೋರಿ."

ಹೋದೆ. ಮೇಲಿನ ಹಲಗೆಯ ಮೇಲೆ ಮಂಡಿಯೂರಿ ಕ್ರೇಟು ತೆಗೆದುಕೊಂಡೆ. ಅವಳು ನನ್ನ ಜಾಗಕ್ಕೆ ಏರಿದಳು, ಅವ್ವ ಅವಳ ಜಾಗಕ್ಕೆ ಬಂದಳು. ಚಾ ಮುಗಿಸಿದ ಮಾವ ಮತ್ತು ಹುಡುಗಿಯ ಅಪ್ಪ ತಪ್ಪು ಮಾಡಿದವರ ಹಾಗೆ ಓಡಿ ಬಂದು ಕೆಳಗೆ ಸೇರಿಕೊಂಡರು. ಈಗ ಕೆಳಗೆ ಎರಡು ಜೊತೆ ಗಟ್ಟಿ ಕೈ, ಮೇಲೆ ನಾನೊಬ್ಬ. ಕ್ರೇಟು ಒಂದರ ಹಿಂದೆ ಒಂದು ಬರತೊಡಗಿದವು. ತೆಗೆದುಕೊ, ಹರವು, ಒಗೆ, ಮತ್ತೆ ತೆಗೆದುಕೊ. ನನಗೆ ಹೇಳಬೇಕಾದ ಮಾತು ಬೇಕಾದಷ್ಟಿದ್ದವು. ಕ್ರೇಟುಗಳು ಮೇಲೇರುತ್ತವೆ, ಎಲೆಕ್ಟ್ರಾನುಗಳಾದರೆ ಇಳಿಜಾರಿನಲ್ಲಿ ಇಳಿಯುತ್ತವೆ, ಆದ್ದರಿಂದ ಈ ಹೋಲಿಕೆ ಪೂರ್ತಿ ಸರಿಯಲ್ಲ ಎಂದು ತಿದ್ದುವ ಆಸೆ ಬಾಯಿಯ ತನಕ ಬಂತು. ಬಾಯಿ ತೆರೆದಾಗಲೆಲ್ಲ ಇನ್ನೊಂದು ಕ್ರೇಟು ಬಂತು. ನಾನು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು ಎಂದು ಅವ್ವ ಇಂದಿಗೂ ಹೇಳುತ್ತಾಳೆ.

ಕೊನೆಯ ಕ್ರೇಟು ಬಂದು, ಶೆಡ್ಡಿನ ಬದಿಗೆ ತಾಡಪತ್ರಿ ಬಿಟ್ಟು ಕಟ್ಟುವಷ್ಟರಲ್ಲಿ ದಪ್ಪ ಹನಿ ಬೀಳತೊಡಗಿದವು. ಎಲ್ಲರೂ ಪಡಸಾಲೆಗೆ ಓಡಿದೆವು. ಆಯಿಯನ್ನು ಮಾವ ಕುರ್ಚಿ ಸಮೇತ ಎತ್ತಿ ತಂದ. ಕೂತ ಕೂಡಲೇ ಅವಳು ನನ್ನ ಕಡೆ ತಿರುಗಿದಳು.

"ಈಗ ಹೇಳು. ಆ ಕಡೀಗಿ ನಿಂತಾಂವಂದು."

ಎಲ್ಲರೂ ನನ್ನ ಬಾಯಿ ನೋಡಿದರು. ನನ್ನ ಬದುಕಿನಲ್ಲಿ ಮೊದಲ ಸಲ ಒಂದು ಮನೆತುಂಬ ಜನ ಆ ಪಾಠ ಕೇಳಲು ಕಾದು ಕೂತಿದ್ದರು. ಬಾಯಿ ತೆರೆದೆ. ಏದುಸಿರು ಬಿಟ್ಟರೆ ಬೇರೇನೂ ಬರಲಿಲ್ಲ. ತೊಡೆಯ ಸ್ನಾಯು ಹಿಡಿದುಕೊಂಡಿದ್ದವು, ಎದೆ ಹಾರುತ್ತಿತ್ತು. ಉಸಿರಾಟದ ಮೇಷ್ಟ್ರಿಗೆ ಉಸಿರಿರಲಿಲ್ಲ.

"ಬಿಡಪಾ, ದಮ್ಮು ಹತ್ತಿದಾಂವಗ ದಮ್ಮಿನ ಸುದ್ದಿ ಕೇಳಬಾರ್ದು. ನಾನ ಹೇಳತೀನಿ," ಅಂದಳು ಆಯಿ. "ಬರೇ ತೊಗೊಳ್ಳಾಂವಗ ಏನ್ ಕಿಮ್ಮತ್ತು ಅಂದಿದ್ನಿ. ಕಿಮ್ಮತ್ತೆಲ್ಲಾ ಆಂವಂದ ಐತಿ. ಮ್ಯಾಲಿನ ಬೀಗರು ಚಾ ಕುಡ್ಯಾಕ ಇಳದ್ರ ಕೆಳಗ ತ್ವಾಟ ತುಂಬ ಹಣ್ಣಿದ್ರೂ ದಂಡ. ನನ್ನ ಕೈಕಾಲಾಗ ಕಸುವು ಯಾಕ ಇರೂದಿಲ್ಲ ಅಂತ ಈಗ ತಿಳೀತು." ಅವಳ ಕಣ್ಣಲ್ಲಿ ನೀರಿತ್ತು. ನಕ್ಕು ಬಂದದ್ದೋ ಬೇರೆಯದೋ ಗೊತ್ತಾಗಲಿಲ್ಲ. ಎಷ್ಟು ವರ್ಷದಿಂದ ಆ ಪ್ರಶ್ನೆ ಹೊತ್ತುಕೊಂಡು ಕೂತಿದ್ದಳೋ.

ಹುಡುಗಿ ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಹಿಡಿದಳು. ಕುಡಿದ ಮೇಲೆ ಸ್ವಲ್ಪ ಉಸಿರು ಬಂತು. "ಕಡೀಗಿ ತೊಗೊಂಡಾಂವ ಏನ್ ಆಗತಾನ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು. ನನಗೆ ಒಂದೇ ಶಬ್ದ ಹೇಳಲು ಸಾಧ್ಯವಾಯಿತು.

"ನೀರು."

ನಿಜವೂ ಅದೇ. ಎಲೆಕ್ಟ್ರಾನುಗಳನ್ನು ತೆಗೆದುಕೊಂಡ ಆಕ್ಸಿಜನ್ನು ಪ್ರೋಟಾನುಗಳ ಜೊತೆ ಸೇರಿ ನೀರಾಗುತ್ತದೆ. ಅವಳು ಮುಂದಿನ ವಿವರಣೆಗೆ ಕಾದಳು. ನಾನು ಕೊಡಲಿಲ್ಲ. ಕೊಡುವ ಹಾಗಿದ್ದರೆ ಕೊಡುತ್ತಿದ್ದೆ, ಅದು ಬೇರೆ ಮಾತು.

ಹುಡುಗಿಯ ಅಪ್ಪ ಅವಳನ್ನು ಎಲ್ಲರ ಮುಂದೆಯೇ ಕೇಳಿದರು. "ಏನವಾ, ಹೆಂಗನಸ್ತು?"

ಅವಳು ತಂಬಿಗೆ ತಿರುಗಿ ತೆಗೆದುಕೊಂಡು, "ಒಂದು ಕ್ರೇಟೂ ಬೀಳಸಲಿಲ್ಲ," ಎಂದು ಹೇಳಿ ಒಳಗೆ ಹೋದಳು. ಮಾವ ಇದು ಹೌದೋ ಅಲ್ಲವೋ ತಿಳಿಯದೆ ಅವ್ವನ ಮುಖ ನೋಡಿದ. ಅವ್ವ ಆಗಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮದುವೆಯಾಯಿತು. ಹೆಂಡತಿ ವಿಜಯಪುರದಿಂದ ಬಸ್ಸು ಹಿಡಿದು ಹೊನವಾಡದ ಶೆಡ್ಡಿಗೆ ಹೋಗುತ್ತಾಳೆ, ನಾನು ಬೇರೆ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗುತ್ತೇನೆ. ಆ ಮನೆಯಲ್ಲಿ ಒಂದು ಮಾತು ಹಾಗೇ ಉಳಿಯಿತು. ದಮ್ಮು ಹತ್ತಿದಾಗಲೆಲ್ಲ ಆಯಿ ಹೆದರುವ ಬದಲು, "ಮ್ಯಾಲಿನ ಬೀಗರು ಚಾ ಕುಡ್ಯಾಕ ಹೋಗ್ಯಾರ, ಬರತಾರ ತಡೀರಿ," ಅನ್ನುತ್ತಿದ್ದಳು. ದಮ್ಮಿನ ಔಷಧಿಯ ಪಂಪು ಎಳೆದುಕೊಂಡು ಸ್ವಲ್ಪ ಹೊತ್ತಾದ ಮೇಲೆ, "ಬಂದ್ರು," ಅನ್ನುತ್ತಿದ್ದಳು. ಮಾವನಿಗೆ ಇದು ತನ್ನ ಮೇಲಿನ ಆಪಾದನೆ ಅನ್ನಿಸಿ, ಆ ಮನೆಯಲ್ಲಿ ಚಾ ಕುಡಿಯುವುದನ್ನೇ ಬಿಟ್ಟ. ಈಗ ಅಲ್ಲಿ ಹಾಲು ಕುಡಿಯುತ್ತಾನೆ. ನಾನು ಮಾತ್ರ ಆಣೆ ಮುರಿಯಲಿಲ್ಲ. ಅದು ಬೀಗರ ಮನೆಯಾದ್ದರಿಂದ ಅವರಲ್ಲಿ ಯಾರೆದುರೂ ಆ ಹೆಸರು ಎತ್ತಲಿಲ್ಲ, ಗಿರಣಿ ಗಿರಣಿಯಾಗಿಯೇ ಉಳಿಯಿತು.

ಈ ಚಳಿಗಾಲದಲ್ಲಿ ಆಯಿಯ ದಮ್ಮು ಜಾಸ್ತಿಯಾಗಿ ವಿಜಯಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ಮಧ್ಯಾಹ್ನ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಮಂಚದ ಈ ಬದಿಗೆ ನಾನು, ಆ ಬದಿಗೆ ಅವ್ವ ಕೂತಿದ್ದೆವು. ಆಯಿಯ ಮೂಗು ಬಾಯಿಗೆ ಆಕ್ಸಿಜನ್ನಿನ ಮಾಸ್ಕು ಹಾಕಿದ್ದರು. ಮುಖ ಬಹಳ ಇಳಿದಿತ್ತು. ಅವಳು ಕಣ್ಣು ತೆರೆದು, ಮಾಸ್ಕನ್ನು ಒಂದು ಬೆರಳಿನಿಂದ ಸ್ವಲ್ಪ ಎತ್ತಿದಳು.

"ಬೀಗರು ಬಂದಾರೇನು?"

"ಬಂದಾರ್ರಿ ಆಯಿ. ಮ್ಯಾಲ ನಿಂತಾರ. ಅದನ್ನ ತಗೀಬ್ಯಾಡ್ರಿ."

"ಈ ಸಲ ಚಾಕ್ಕ ಕರೀಬ್ಯಾಡ್ರಿ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎತ್ತಿದಳು. "ಆ ಚಕ್ರದ್ದು ಅವತ್ತ ಅರ್ಧಕ್ಕ ಬಿಟ್ಟಿ. ಪೂರಾ ಹೇಳು. ಆ ಗಿರಣಿ ಹೆಸರೇನು?"

ಕನ್ಯಾ ನೋಡಲು ಹೋದ ಮನೆಗಳಲ್ಲೆಲ್ಲ ನಾನು ಬಯಸಿದ್ದು ಇದನ್ನೇ. ಈಗ ಕೇಳುವವರು ಸಿಕ್ಕಿದ್ದರು. ಅಳು ಬಂದಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವುದು ಬೇಡ. ಆಣೆ ನೆನಪಾಗಿ ಅವ್ವನ ಕಡೆ ನೋಡಿದೆ.

ಅವ್ವ ಮಂಚದ ಮೇಲಿಂದ ಕೈ ಚಾಚಿ ನನ್ನ ಬಲಗೈ ಹಿಡಿದುಕೊಂಡು, ಬಸ್ಸಿನಲ್ಲಿ ಇಟ್ಟುಕೊಂಡ ಹಾಗೆಯೇ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅದನ್ನು ತಾನೇ ತೆಗೆದು ಆಯಿಯ ಕೈ ಮೇಲೆ ಇಟ್ಟಳು.

"ಆಣಿ ಬಿಡಿಸೀನಿ. ಹೇಳೋ ತಮ್ಮಾ. ಮದ್ಲಿಂದ ಹೇಳು."

ಆಯಿ ಮಾಸ್ಕನ್ನು ತಾನೇ ಸರಿಯಾಗಿ ಮೂಗಿಗೆ ಒತ್ತಿಕೊಂಡು, ಹೂಂ ಎಂದು ತಲೆ ಆಡಿಸಿದಳು.

"ಆಯಿ, ಆ ಗಿರಣಿ ಹೆಸರು ಮೈಟೋಕಾಂಡ್ರಿಯ ರೀ," ಎಂದೆ. "ಈಗ ನೋಡ್ರಿ, ಉಪ್ಪಿಟ್ಟು ಹೊಟ್ಟಿಗಿ ಹೋದ ಮ್ಯಾಲ ಏನಾಗತೈತಿ ಅಂದ್ರ..."